ಹಿಂದಿನಿಂದ ಬರಬೇಕಿದ್ದ ಗಾಡಿ

ಗಂಗಾವತಿಯ ರೈಸ್‌ಮಿಲ್ಲುಗಳ ಓಣಿಗೆ ಕಾಲಿಡದೆ ಬಹಳ ದಿನವಾಗಿತ್ತು. ಹೋದ ತಿಂಗಳು ಮೊಮ್ಮಗಳ ಮದುವೆಗೆ ಅಕ್ಕಿ ಮಾತಾಡಲು ಹೋಗಲೇಬೇಕಾಯಿತು. ಓಣಿಯ ಬಾಯಲ್ಲೇ ಭತ್ತ ಬೇಯಿಸುವ ಬಿಸಿ ಹಬೆಯ ಹುಳಿ ವಾಸನೆ ಮೂಗಿಗೆ ಹೊಡೆಯಿತು. ಅಲ್ಲೇ ಕಟ್ಟೆಯ ಮೇಲೆ ಕೂತುಬಿಟ್ಟೆ. ಮಿಲ್ಲಿನ ಗುಮಾಸ್ತ ಓಡಿ ಬಂದು, ‘ಯಾಕ್ರೀ ಅಜ್ಜಾರ, ಬಿಸಿಲು ಬಡೀತೇನು? ನೀರು ಕುಡೀರಿ’ ಎಂದ. ಬಿಸಿಲು ಬಡಿದಿರಲಿಲ್ಲ. ಆ ವಾಸನೆಯ ಹಿಂದೆ ಒಂದು ಕೋಣೆ ಇತ್ತು, ಆ ಕೋಣೆಯೊಳಗೆ ನಾನು ಇದ್ದೆ.

ಆ ಮಿಲ್ಲಿನ ಹಿಂಬದಿಯ ಕೋಣೆಯಲ್ಲಿ ನಮ್ಮ ಸಂಘವಿತ್ತು. ಮಾಜಿ ಸೈನಿಕರ ಮತ್ತು ಅವರ ಕುಟುಂಬಗಳ ಸಹಾಯ ಸಂಘ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ, ಈ ನಾಲ್ಕು ಕಡೆಯವರಿಗೂ ಅದೊಂದೇ. ನಾನು ಅದರ ಕಾರ್ಯದರ್ಶಿ. ಎಸ್ಸೆಸ್ಸೆಲ್ಸಿ ಮುಗಿಸಿ ಸೈನ್ಯ ಸೇರಿ, ಹವಾಲ್ದಾರನಾಗಿ ನಿವೃತ್ತಿ ಹೊಂದಿ ಬಂದವನು. ನಾಲ್ಕು ಸಾಲು ನೆಟ್ಟಗೆ ಬರೆಯಲು ಬರುತ್ತದೆ ಎಂದು ಆ ಕುರ್ಚಿ ನನಗೆ ಕೊಟ್ಟಿದ್ದರು. ಕುರ್ಚಿ ಹೋಯಿತು. ಬರೆಯುವುದು ಉಳಿದಿದೆ. ಆ ಒಂದು ಮಳೆಗಾಲದಲ್ಲಿ, ನಾಟಿಯಿಂದ ಕಟಾವಿನ ತನಕ, ನಾವು ಏನು ಮಾಡಿದೆವು ಎಂಬುದನ್ನು ಯಾರಾದರೂ ಬರೆಯಬೇಕು. ಬೇರೆಯವರು ಬರೆಯುವುದಿಲ್ಲ, ಅವರಿಗೆ ನಾಚಿಕೆಯಾಗಿಲ್ಲ.

ಕುಟುಂಬ ಎಂಬ ಮಾತು ನಮ್ಮ ಬೋರ್ಡಿನ ಮೇಲೆ ದೊಡ್ಡದಾಗಿತ್ತು, ಬಾಗಿಲಿನ ಒಳಗೆ ಇರಲಿಲ್ಲ. ಸಮವಸ್ತ್ರ ಹಾಕಿದವನಿಗೆ ಮಾತ್ರ ಸಭೆಯಲ್ಲಿ ಮತ. ಕುರ್ಚಿಗಳು ದರ್ಜೆಯ ಪ್ರಕಾರ: ಮುಂದೆ ಸುಬೇದಾರರು, ಆಮೇಲೆ ಹವಾಲ್ದಾರರು, ಹಿಂದೆ ಸಿಪಾಯಿಗಳು. ಸತ್ತ ಸಿಪಾಯಿಯ ಹೆಂಡತಿಗೆ ಹಿಂದೆಯೂ ಕುರ್ಚಿಯಿಲ್ಲ. ಆಗಸ್ಟಿನಲ್ಲಿ, ಜನವರಿಯಲ್ಲಿ ಅವರನ್ನು ಕರೆಸುತ್ತಿದ್ದೆವು. ಹೆಗಲಿಗೆ ಶಾಲು ಹೊದಿಸಿ, ಫೋಟೋ ತೆಗೆಸಿ, ‘ವೀರ ನಾರಿಯರು’ ಎಂದು ಮೈಕಿನಲ್ಲಿ ಕೂಗಿ, ಆಮೇಲೆ ‘ಹೆಣ್ಮಕ್ಕಳು ಹೊರಗ ನೆರಳಿನ್ಯಾಗ ಕುಂದರ್ರಿ’ ಎನ್ನುತ್ತಿದ್ದೆವು. ಹಾಗೆ ಅನ್ನುತ್ತಿದ್ದವನು ನಾನೇ.

ಆ ವರ್ಷ ಮಳೆ ತಡವಾಯಿತು. ಎಡದಂಡೆ ಕಾಲುವೆಗೆ ನೀರು ಬಿಟ್ಟ ಮೇಲೆ ಮರಳಿ, ಸಿದ್ದಾಪುರದ ಕಡೆ ಒಮ್ಮೆಲೇ ನಾಟಿ ಶುರುವಾಗಿ, ಆಳು ಸಿಗದೆ ಎಲ್ಲರೂ ಪರದಾಡುತ್ತಿದ್ದರು. ಅಂಥ ಒಂದು ದಿನ ನಮ್ಮ ಅಧ್ಯಕ್ಷರು ಸಭೆ ಕರೆದರು. ಅವರನ್ನು ಎಲ್ಲರೂ ಕ್ಯಾಪ್ಟನ್ ಸಾಹೇಬರು ಎನ್ನುತ್ತಿದ್ದೆವು. ನಿವೃತ್ತಿಯ ಹೊತ್ತಿಗೆ ಗೌರವಕ್ಕೆಂದು ಕೊಡುವ ಕ್ಯಾಪ್ಟನ್ ಪದವಿ ಅದು, ಆದರೆ ಮೀಸೆ ನಿಜವಾದ ಕ್ಯಾಪ್ಟನ್ನನದೇ.

‘ಇನ್ನ ಹತ್ತು ವರ್ಷಕ್ಕ ಈ ಕೋಣ್ಯಾಗ ಯಾರದಾರು ಹೇಳ್ರಿ?’ ಎಂದರು. ‘ಹೊಸಾ ಹುಡುಗ್ರು ಬರವಲ್ಲರು. ನಾವೆಲ್ಲಾ ಒಬ್ಬೊಬ್ರ ಹೋಗತೀವಿ. ಸಂಘದ ಮುಂದಿನದು ಏನು? ಹೆಸರು ಉಳೀಬೇಕಂದ್ರ ಭವನ ಆಗಬೇಕು. ಯೋಧರ ಕುಟುಂಬ ಭವನ. ಮ್ಯಾಲೆ ದೊಡ್ಡ ಹಾಲು, ಮುಂದ ಕರೀಕಲ್ಲಿನ ಕಮಾನು, ಕಮಾನಿನ ಮ್ಯಾಲೆ ನಮ್ಮೆಲ್ಲರ ಹೆಸರು.’

ಎಲ್ಲರೂ ಚಪ್ಪಾಳೆ ಹೊಡೆದರು. ನಾನು ಎಲ್ಲರಿಗಿಂತ ಜೋರಾಗಿ ಹೊಡೆದೆ. ಕರಿಕಲ್ಲಿನ ಮೇಲೆ ನನ್ನ ಹೆಸರು ಎಂಬ ಮಾತು ಕಿವಿಗೆ ಹೆಂಡದ ಹಾಗೆ ಇಳಿಯಿತು.

ಸಂಘಕ್ಕೆ ಒಂದು ಹಳೆಯ ಜೀಪಿತ್ತು. ದಾನವಾಗಿ ಬಂದದ್ದು. ವಿಧವೆಯರನ್ನು, ವಯಸ್ಸಾದವರನ್ನು ತಿಂಗಳಿಗೊಮ್ಮೆ ಹೊಸಪೇಟೆ ದಾಟಿ ಹೋಗಬೇಕಾದ ದೊಡ್ಡ ಊರಿನ ಆಸ್ಪತ್ರೆಗೆ ಕರೆದೊಯ್ಯಲೆಂದೇ ಕೊಟ್ಟಿದ್ದರು. ಅದೇ ಊರಲ್ಲಿ ಸೈನಿಕರ ಕ್ಯಾಂಟೀನೂ ಇತ್ತು. ಸೋಪು, ಎಣ್ಣೆ, ಚಹಾಪುಡಿ ಅಲ್ಲಿ ಅಗ್ಗ. ರಮ್ಮೂ ಅಗ್ಗ. ಒಂದು ಕಾರ್ಡಿಗೆ ತಿಂಗಳಿಗೆ ಇಷ್ಟು ಬಾಟಲಿ ಎಂದು ಪಾಲು ಇರುತ್ತದೆ. ಗಂಡ ಸತ್ತರೆ ಕಾರ್ಡು ಹೆಂಡತಿಯ ಹೆಸರಿಗೆ ಬರುತ್ತದೆ, ಬಾಟಲಿಯ ಪಾಲೂ ಅದರ ಜೊತೆಗೇ ಬರುತ್ತದೆ. ನಮ್ಮ ಕಡೆಯ ಹೆಣ್ಣುಮಕ್ಕಳು ಅದನ್ನು ಯಾಕೆ ಮುಟ್ಟುತ್ತಾರೆ? ಹಾಗಾಗಿ ಅವರ ಕಾರ್ಡುಗಳೆಲ್ಲ ನನ್ನ ಹತ್ತಿರ, ಒಂದು ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿ ಇದ್ದವು. ‘ಅಷ್ಟು ದೂರ ಯಾಕ ಬರ್ತೀರಿ, ನಾನ ಸಾಮಾನು ತಂದು ಕೊಡ್ತೀನಿ’ ಎಂದು ಇಸಿದುಕೊಂಡಿದ್ದೆ. ಸೋಪು, ಚಹಾಪುಡಿ ತಪ್ಪದೆ ತಂದು ಕೊಟ್ಟೆ. ಕಾರ್ಡಿನ ಮೇಲಿನ ಬಾಟಲಿಗಳು ಕ್ಯಾಪ್ಟನ್ ಸಾಹೇಬರ ಮನೆಗೆ ಹೋದವು. ಅಲ್ಲಿಂದ, ಭವನಕ್ಕೆ ಜಾಗ ಮಾಡಿಸಿಕೊಡುತ್ತೇವೆಂದು ಹೇಳುತ್ತಿದ್ದ ಪುಢಾರಿಗಳ ಮನೆಗೆ ಹೋದವು. ಕುಡಿದವರು ಯಾರೋ, ಲೆಕ್ಕ ಯಾವಳೋ ವಿಧವೆಯ ಹೆಸರಿಗೆ. ಇದನ್ನು ನಾನು ಸೇವೆ ಎಂದು ಕರೆಯುತ್ತಿದ್ದೆ.

ಜೀಪು ಗಂಗಾವತಿಯಿಂದ ಹೊರಡುತ್ತಿತ್ತು. ಕುಷ್ಟಗಿ, ಯಲಬುರ್ಗಾ ಕಡೆಯವರು ಬೆಳಗಿನ ಬಸ್ಸಿಗೆ ಮುನಿರಾಬಾದಿನ ಹತ್ತಿರ ಇಳಿದು, ಹೆದ್ದಾರಿಯ ಮಗ್ಗುಲಲ್ಲಿ ಒಂದು ಬೇವಿನ ಮರದ ಕೆಳಗೆ ನಿಲ್ಲುತ್ತಿದ್ದರು. ಅಲ್ಲಿ ನಾವು ಅವರನ್ನು ಹತ್ತಿಸಿಕೊಳ್ಳುತ್ತಿದ್ದೆವು. ಹಾಗೆ ನಿಲ್ಲುತ್ತಿದ್ದವರಲ್ಲಿ ಹನುಮವ್ವ ಒಬ್ಬಳು. ಕುಷ್ಟಗಿ ಕಡೆಯ ಹಳ್ಳಿಯವಳು. ಗಂಡ ಸಿಪಾಯಿಯಾಗಿದ್ದು, ಪಿಂಚಣಿ ಮೇಲೆ ಬಂದು ಕುರಿ ಸಾಕಿಕೊಂಡಿದ್ದು ತೀರಿಹೋಗಿದ್ದ. ಸಕ್ಕರೆ ಕಾಯಿಲೆಯಿಂದ ಅವಳ ಒಂದು ಕಣ್ಣು ಆಗಲೇ ಹೋಗಿತ್ತು. ಉಳಿದ ಕಣ್ಣಿಗೆ ತಿಂಗಳಿಗೊಮ್ಮೆ ಸೂಜಿ ಹಾಕುತ್ತಿದ್ದರು. ತಪ್ಪಿಸಿದರೆ ಇದೂ ಹೋಗುತ್ತದೆ ಎಂದು ಡಾಕ್ಟರು ನನ್ನ ಎದುರಿಗೇ ಹೇಳಿದ್ದರು. ಗೊತ್ತಿರಲಿಲ್ಲ ಎನ್ನುವ ದಾರಿ ನನಗಿಲ್ಲ.

ನಾಟಿ ಮುಗಿಯುತ್ತಿದ್ದ ಹೊತ್ತಿನ ಆ ಸಲ ಜೀಪಿನಲ್ಲಿ ಕ್ಯಾಪ್ಟನ್ ಸಾಹೇಬರು ತಾವೇ ಬಂದಿದ್ದರು. ಜೊತೆಗೆ ಭವನದ ನಕ್ಷೆ ಬರೆಯುವ ಇಂಜಿನಿಯರು, ಅವನ ಷಡ್ಡಕ, ಷಡ್ಡಕನ ಹೆಂಡತಿ ಮಕ್ಕಳು. ಕ್ಯಾಂಟೀನಿನಲ್ಲಿ ಅಗ್ಗಕ್ಕೆ ಒಂದು ಫ್ರಿಜ್ಜು ಕೊಡಿಸುತ್ತೇನೆಂದು ಸಾಹೇಬರು ಅವರಿಗೆ ಆಸೆ ತೋರಿಸಿದ್ದರು. ಇಂಜಿನಿಯರು ಸುತ್ತಿದ ನಕ್ಷೆಯನ್ನು ಮಡಿಲಲ್ಲಿ ಕೂಸಿನ ಹಾಗೆ ಹಿಡಿದುಕೊಂಡಿದ್ದ. ದಾರಿಯಲ್ಲಿ ಬಿಚ್ಚಿ ತೋರಿಸಿದ. ಅದರಲ್ಲಿ ಒಂದು ಮೂಲೆಗೆ ‘ಕುಟುಂಬದವರ ವಿಶ್ರಾಂತಿ ಕೊಠಡಿ’ ಎಂದು ಬರೆದಿತ್ತು.

ಮುನಿರಾಬಾದಿನ ಹತ್ತಿರ ಜಿನುಗು ಮಳೆ. ಹನುಮವ್ವ ಸೆರಗು ತಲೆಗೆ ಹೊದ್ದು, ರೊಟ್ಟಿ ಗಂಟಿನ ಚೀಲ ಎದೆಗವಚಿಕೊಂಡು ನಿಂತಿದ್ದಳು. ಬೇರೆಯವರು ಯಾರೂ ಇರಲಿಲ್ಲ, ನಾಟಿಗೆ ಹೋಗಿರಬೇಕು. ಜೀಪಿನ ಸದ್ದಿಗೇ ಗುರುತು ಹಿಡಿದು ನಕ್ಕಳು.

‘ಹವಾಲ್ದಾರಪ್ಪಾ, ಬಂದ್ಯಾ? ನಾ ನಿನಗಿಂತ ಮುಂಚೆ ಬಂದೀನಿ ನೋಡು.’

ಒಳಗೆ ಸೀಟಿರಲಿಲ್ಲ. ನಾನು ಕ್ಯಾಪ್ಟನ್ ಸಾಹೇಬರ ಮುಖ ನೋಡಿದೆ. ಅವರು ಗಾಜಿನಾಚೆ ನೋಡುತ್ತ, ‘ಮುದುಕೀದು ಮುಂದಿನ ತಿಂಗಳ ಆದ್ರ ನಡೀತೈತಿ ಬಿಡು. ಇಂಜಿನಿಯರ್ ಸಾಹೇಬ್ರನ್ನ ಇಳಸಾಕಾಗತೈತೇನು?’ ಎಂದರು. ಸೀಟಿನಿಂದ ನಾನು ಇಳಿಯಬಹುದಿತ್ತು. ಆ ವಿಚಾರ ನನ್ನ ತಲೆಗೆ ಬಂತು ಎಂಬುದನ್ನೂ ಇಲ್ಲಿ ಬರೆಯುತ್ತೇನೆ. ಬಂತು, ಹೋಯಿತು. ನಾನು ಇಳಿದು, ಅವಳ ಹತ್ತಿರ ಹೋಗಿ, ಪ್ರೀತಿಯ ದನಿಯಲ್ಲೇ ಹೇಳಿದೆ:

‘ಇವತ್ತು ಗಾಡಿ ತುಂಬೈತವ್ವ. ಹಿಂದ ಇನ್ನೊಂದು ಗಾಡಿ ಬರ್ತೈತಿ. ಇಲ್ಲೇ ನಿಂದ್ರು. ಎಲ್ಲೂ ಹೋಗಬ್ಯಾಡ.’

‘ಆತಪಾ,’ ಎಂದಳು.

ಹಿಂದೆ ಯಾವ ಗಾಡಿಯೂ ಇರಲಿಲ್ಲ. ಅವಳನ್ನು ಸಾಗಹಾಕಲು ಬಾಯಿಗೆ ಬಂದ ಮಾತು ಅದು. ಬರುವಾಗ ನಾವು ಕಂಪ್ಲಿಯ ದಾರಿ ಹಿಡಿದೆವು, ಆ ಬೇವಿನ ಮರ ಮತ್ತೆ ಕಣ್ಣಿಗೆ ಬೀಳಲಿಲ್ಲ. ಹೊತ್ತು ಮುಳುಗುವಾಗ ಅವಳ ಮಗಳು ನೀಲಮ್ಮನ ಫೋನು ಬಂತು. ನೀಲಮ್ಮ ಅವರೂರಿನ ಗ್ರಾಮ ಪಂಚಾಯ್ತಿಯ ಕಸದ ಗಾಡಿ ಓಡಿಸುತ್ತಾಳೆ. ಕೆಲಸ ಬಿಟ್ಟು ಬರಲಾಗದೆ ತಾಯಿಯನ್ನು ಬಸ್ಸಿಗೆ ಹತ್ತಿಸಿ ಕಳಿಸಿದ್ದಳು.

‘ಮಾಮಾ, ಅವ್ವ ಇನ್ನೂ ಅಲ್ಲೇ ನಿಂತಾಳಂತಲ್ಲ? ಚಾದಂಗಡಿಯವ್ರು ಫೋನ್ ಮಾಡ್ಯಾರ. ಬಸ್ಸಿಗೆ ಹೋಗಬೇ ಅಂದ್ರ ಕೇಳವಲ್ಲಳಂತ. ಸಂಘದವ್ರು ಹೇಳ್ಯಾರ, ನಾ ಜಾಗಾ ಬಿಡಾಂಗಿಲ್ಲ ಅಂತಾಳಂತ.’

ಜಾಗ ಬಿಡುವುದಿಲ್ಲ! ಈ ಮಾತು ಎಲ್ಲಿಂದ ಬಂತೆಂದು ನನಗೆ ಗೊತ್ತು. ಗಂಡನ ಜೊತೆ ಅವಳು ಸೈನ್ಯದ ವಸತಿಗಳಲ್ಲಿ ಇದ್ದವಳು. ಗಾಡಿ ಬರುತ್ತದೆ ಎಂದು ಹೇಳಿದ ಮೇಲೆ ನಿಂತ ಜಾಗ ಬಿಡಬಾರದು ಎಂದು ನಾವೇ ನಮ್ಮ ಹೆಂಡಂದಿರಿಗೆ ಕಲಿಸಿದ್ದೆವು. ಅಲ್ಲಿ ಆ ಮಾತು ನಿಜವಾಗಿತ್ತು, ಗಾಡಿ ಬರುತ್ತಿತ್ತು. ಅವಳು ಕಲಿತದ್ದನ್ನು ಮರೆಯಲಿಲ್ಲ. ಕಲಿಸಿದ ನಾವು ಮರೆತಿದ್ದೆವು.

ಆ ರಾತ್ರಿ ಚಾದಂಗಡಿಯವರೇ ಅವಳನ್ನು ಕೊನೆಯ ಬಸ್ಸಿಗೆ ಹತ್ತಿಸಿದರಂತೆ. ಮುಂದಿನ ತಿಂಗಳು ಜೀಪೇ ಹೊರಡಲಿಲ್ಲ. ಭವನದ ಜಾಗ ನೋಡಲು ಬಂದ ಯಾರೋ ದೊಡ್ಡವರನ್ನು ಕ್ಯಾಪ್ಟನ್ ಸಾಹೇಬರು ಅದರಲ್ಲಿ ತಿರುಗಿಸಿದರು. ಇವತ್ತು ಗಾಡಿ ಇಲ್ಲ ಎಂದು ಒಂದು ಫೋನು ಮಾಡುವುದು ನನ್ನ ಕೆಲಸ. ಮಾಡಲಿಲ್ಲ. ಅತಿಥಿಗಳಿಗೆ ಮಿರ್ಚಿ ಬಜ್ಜಿ ತರಿಸುವ ಗಡಿಬಿಡಿಯಲ್ಲಿದ್ದೆ. ಹನುಮವ್ವ ಮತ್ತೆ ಬಂದು ಮತ್ತೆ ನಿಂತು ಮತ್ತೆ ಹೋದಳು. ಭತ್ತ ತೆನೆ ಒಡೆಯುವ ಹೊತ್ತಿಗೆ ಅವಳ ಆ ಕಣ್ಣಿನಲ್ಲಿ ರಕ್ತ ತುಂಬಿತು. ನೀಲಮ್ಮ ಸಾಲ ಮಾಡಿ, ಬಾಡಿಗೆ ಗಾಡಿ ಹಿಡಿದುಕೊಂಡು ಓಡಿದಳು. ಡಾಕ್ಟರು, ಎರಡು ತಿಂಗಳು ಎಲ್ಲಿದ್ದಿರಿ ಎಂದು ಕೇಳಿದರಂತೆ. ನೆರಳು ಬೆಳಕು ಗೊತ್ತಾಗುವಷ್ಟು ಉಳಿಯಿತು, ಮುಖ ಕಾಣುವುದು ಹೋಯಿತು.

ಸಂಘದಲ್ಲಿ ಈ ಮಾತು ಬಂದಾಗ ಕ್ಯಾಪ್ಟನ್ ಸಾಹೇಬರು, ‘ಅಲ್ಲಾ, ಬಸ್ ಇದ್ದಿಲ್ಲೇನು? ಅಕಿಗೆ ಬುದ್ಧಿ ಬ್ಯಾಡಾ?’ ಎಂದರು. ಎಲ್ಲರೂ ತಲೆ ಆಡಿಸಿದರು. ಇಲ್ಲೇ ನಿಂದ್ರು ಎಂದು ಹೇಳಿದವನು ನಾನು ಎಂದು ನಾನು ಬಾಯಿ ಬಿಡಲಿಲ್ಲ. ಒಬ್ಬ ಮುದುಕಿಯ ಕಣ್ಣು ಹೋದದ್ದಕ್ಕೆ ಅವಳ ಬುದ್ಧಿಯನ್ನೇ ದೂರಿದ ಗಂಡಸರ ನಡುವೆ ನಾನು ಚಹಾ ಕುಡಿಯುತ್ತ ಕೂತಿದ್ದೆ. ಈಗ ನೆನೆದರೆ ಅವರ ಮೇಲೆ ಬರುವ ಸಿಟ್ಟು ದೊಡ್ಡದು. ನನ್ನ ಮೇಲೆ ಬರುವುದಕ್ಕೆ ಹೆಸರಿಲ್ಲ.

ಕಟಾವಿನ ಕಾಲ ಬಂತು. ಮರಳಿಯ ಕಡೆ ಯಂತ್ರಗಳು ಗದ್ದೆಗಿಳಿದಿದ್ದವು, ಮಿಲ್ಲಿನ ಹಬೆ ಬಿಡುವಿಲ್ಲದೆ ಏಳುತ್ತಿತ್ತು. ಭವನದ ಠರಾವು ಪಾಸು ಮಾಡಲು ದೊಡ್ಡ ಸಭೆ. ಅರ್ಜಿಯ ಜೊತೆ ಕುಟುಂಬದವರ ಫೋಟೋ ಇದ್ದರೆ ಚೆನ್ನ ಎಂದು ಕ್ಯಾಪ್ಟನ್ ಸಾಹೇಬರೇ ಹೆಣ್ಣುಮಕ್ಕಳನ್ನು ಕರೆಸಿದ್ದರು. ಮೇಜಿನ ಮೇಲೆ ಶಾಲುಗಳ ರಾಶಿ, ಹೊರಗೆ ತಾಡಪತ್ರಿಯ ನೆರಳು. ಮರುದಿನ ಕ್ಯಾಂಟೀನಿಗೆ ಹೋಗುವುದಿತ್ತು, ಹಾಗಾಗಿ ತಗಡಿನ ಡಬ್ಬಿ ನನ್ನ ತೊಡೆಯ ಮೇಲಿತ್ತು.

ಸಭೆ ಶುರುವಾಗುವಾಗ ನೀಲಮ್ಮ ತಾಯಿಯ ಕೈ ಹಿಡಿದು ಒಳಗೆ ಬಂದಳು. ನೆಟ್ಟಗೆ ಮುಂದಿನ ಸಾಲಿಗೆ ಹೋಗಿ ಅವಳನ್ನು ಕೂರಿಸಿದಳು.

‘ನೀಲಮ್ಮಾ, ಅದು ಸುಬೇದಾರ್ ಸಾಹೇಬ್ರ ಕುರ್ಚಿ,’ ಎಂದೆ.

‘ಅವರು ನಿಂದರ್ಲಿ ಬಿಡ್ರಿ ಮಾಮಾ. ಹಿಂದ ಇನ್ನೊಂದು ಕುರ್ಚಿ ಬರ್ತೈತಿ.’

ಯಾರಿಗೂ ಅರ್ಥವಾಗಲಿಲ್ಲ. ನನಗೆ ಆಯಿತು. ಅವಳ ಹಿಂದೆ ಉಳಿದ ಹೆಂಗಸರೂ ಒಬ್ಬೊಬ್ಬರಾಗಿ ಒಳಗೆ ಬಂದು ಗೋಡೆಗುಂಟ ನಿಂತರು. ಕ್ಯಾಪ್ಟನ್ ಸಾಹೇಬರು ಮುಖ ಸಿಂಡರಿಸಿದರೂ ಠರಾವು ಓದಿದರು: ಭವನ ಕಟ್ಟುವುದು, ಅಡಿಗಲ್ಲಿನ ಖರ್ಚಿಗೆ ಜೀಪು ಮಾರುವುದು. ‘ಇದು ನಮ್ಮ ಸಂಘದ ಮುಂದಿನ ಪ್ರಶ್ನೆ,’ ಎಂದರು. ‘ಇನ್ನ ಹತ್ತು ವರ್ಷಕ್ಕ ನಾವು ಯಾರೂ ಇರಂಗಿಲ್ಲ...’

‘ನಾವಿರತೀವಲ್ರಿ,’ ಎಂದು ಗೋಡೆಯ ಕಡೆಯಿಂದ ಒಂದು ದನಿ ಬಂತು. ಕೊಪ್ಪಳದ ಶಾಹಿದಾ ಬೇಗಂ. ಹೊಲಿಗೆ ಮಾಡಿ ಮಕ್ಕಳನ್ನು ದಡ ಹತ್ತಿಸಿದ ಹೆಂಗಸು, ಗಂಡ ಸೈನ್ಯದಲ್ಲಿ ಡ್ರೈವರ್ ಆಗಿದ್ದ. ‘ನೀವು ಸಾಯ್ತೀರಿ, ಖರೆ. ಯಾರೂ ತಡಿಯಾಂಗಿಲ್ಲ. ಹಿಂದ ಉಳಿಯಾಕ್ಯಾರು ನಾವು. ಮತ್ತ ಮುಂದಿಂದು ಮಾತಾಡಾಕ, ಸತ್ತು ಹೋಗವರು ಒಳಗ ಕುಂತಾರ, ಉಳಿಯವ್ರು ಹೊರಗ ಕುಂತಾರ. ಇದ್ಯಾವ ಹಿಸಾಬ್ ಸಾಹೇಬ್ರ?’

ಹಿಂದಿನ ಸಾಲಿನ ಸಿಪಾಯಿಗಳು ಕಿಸಕ್ಕನೆ ನಕ್ಕರು.

‘ಗಾಡಿ ಮಾರಬ್ಯಾಡ್ರಿ,’ ಎಂದಳು ನೀಲಮ್ಮ. ‘ನಮಗ ಹಾಲ್ ಬ್ಯಾಡ, ಕಮಾನು ಬ್ಯಾಡ. ಆಸ್ಪತ್ರಿಗೆ ಗಾಡಿ ಬೇಕು. ಡ್ರೈವರ್ ಇಲ್ಲಂದ್ರ ನಾ ಓಡಸ್ತೀನಿ. ಲೈಸನ್ಸ್ ಐತಿ.’

‘ಕಸದ ಗಾಡಿ ಹೊಡಿಯಾಕಿ ಸಂಘದ ಗಾಡಿ ಹೊಡೀತಾಳಂತ!’ ಎಂದರು ಕ್ಯಾಪ್ಟನ್ ಸಾಹೇಬರು.

‘ಹೌದ್ರಿ. ಕಸಾ ಏರಿಸಿ ರೂಢಿ ಐತಿ. ನಿಮ್ಮನ್ನೂ ಏರಿಸ್ಕೋತೀನಿ, ಚಿಂತಿ ಮಾಡಬ್ಯಾಡ್ರಿ.’

ಈ ಸಲ ಹವಾಲ್ದಾರರ ಸಾಲೂ ನಕ್ಕಿತು. ಕ್ಯಾಪ್ಟನ್ ಸಾಹೇಬರು ಮೇಜು ಗುದ್ದಿ, ಇಲ್ಲಿ ಹೆಂಗಸರಿಗೆ ಮತವಿಲ್ಲ, ಶಾಲು ತಗೊಂಡು ಹೊರಡಿ ಎಂದರು.

‘ಮತ ಬ್ಯಾಡ್ರಿ,’ ಎಂದಳು ಶಾಹಿದಾ ಬೇಗಂ. ‘ನಮ್ಮ ಕಾರ್ಡ್ ಕೊಡ್ರಿ. ಕ್ಯಾಂಟೀನಿಂದ ಮೊಬೈಲ್‌ನ್ಯಾಗ ಮೆಸೇಜ್ ಬಂದಿತ್ತು, ನನ್ನ ಮಗಳು ಓದಿ ಹೇಳಿದ್ಳು. ನಾ ಪ್ರತಿ ತಿಂಗಳು ರಮ್ ಒಯ್ದೀನಂತ. ಐದು ಹೊತ್ತು ನಮಾಜ್ ಮಾಡಾಕಿ ನಾನು! ಅಲ್ಲಾಹ್‌ಗೆ ಏನಂತ ಜವಾಬ್ ಕೊಡ್ಲಿ, ಹವಾಲ್ದಾರ್ ಭಾಯಿ ಕುಡದಾನ ಅನ್ನಲೇನು?’

ಯಾರೂ ನಗಲಿಲ್ಲ. ಎಲ್ಲರ ಕಣ್ಣು ನನ್ನ ತೊಡೆಯ ಮೇಲಿನ ಡಬ್ಬಿಗೆ ಬಂತು. ‘ಹವಾಲ್ದಾರ್, ಡಬ್ಬಿ ಕೊಡಬ್ಯಾಡ,’ ಎಂದರು ಕ್ಯಾಪ್ಟನ್ ಸಾಹೇಬರು. ನನ್ನ ಕೈ ತಾನಾಗಿಯೇ ಮುಚ್ಚಳವನ್ನು ಒತ್ತಿ ಹಿಡಿಯಿತು. ನಿವೃತ್ತನಾಗಿ ಇಷ್ಟು ವರ್ಷವಾದರೂ ಆಜ್ಞೆ ಎಂದರೆ ಈ ಕೈ ಹಾಗೇ.

ಆಗ ಹನುಮವ್ವ ಕುರ್ಚಿಯಿಂದ ಎದ್ದಳು. ನನ್ನ ಉಸಿರಿನ ಸದ್ದು ಹಿಡಿದು ಬಂದಳೋ ಏನೋ, ನೆಟ್ಟಗೆ ಬಂದು ಡಬ್ಬಿಯ ಮೇಲೆ ಕೈ ಇಟ್ಟಳು.

‘ನನ್ನ ಗಂಡಂದು ಇದರಾಗ ಐತಿ. ಕೊಡಪಾ.’

ಮುಚ್ಚಳ ತೆಗೆದೆ. ಅವಳು ಒಳಗೆ ಬೆರಳಾಡಿಸಿದಳು. ಎಲ್ಲ ಕಾರ್ಡುಗಳೂ ಬೆರಳಿಗೆ ಒಂದೇ ಥರ. ಹಿಂದಿನ ವರ್ಷವಾಗಿದ್ದರೆ ಕಣ್ಣಿಗೆ ಹತ್ತಿರ ಹಿಡಿದು ಆರಿಸಿಕೊಳ್ಳುತ್ತಿದ್ದಳು. ಒಂದನ್ನು ಹಿಡಿದು, ‘ಇದೇನು?’ ಎಂದು ನನ್ನನ್ನೇ ಕೇಳಿದಳು. ಅಲ್ಲ, ಅದು ಬೇರೆಯವರದು. ಅವಳದನ್ನು ನಾನೇ ಹುಡುಕಿ ಅಂಗೈಯಲ್ಲಿ ಇಟ್ಟೆ. ಅಷ್ಟು ಜನರ ಮುಂದೆ, ಆ ಹಬೆಯ ವಾಸನೆಯಲ್ಲಿ, ಒಂದು ಮಾತು ಹೇಳಬಹುದಿತ್ತು. ಹಿಂದೆ ಗಾಡಿ ಇರಲಿಲ್ಲವ್ವ, ನಾನು ಸುಳ್ಳು ಹೇಳಿದೆ ಎಂದು. ಹೇಳಲಿಲ್ಲ. ಉಳಿದ ಹೆಂಗಸರು ಒಬ್ಬೊಬ್ಬರಾಗಿ ಬಂದು ತಮ್ಮದನ್ನು ತಗೊಂಡು ಹೋದರು. ಖಾಲಿ ಡಬ್ಬಿ ನನ್ನ ತೊಡೆಯ ಮೇಲೆ ಉಳಿಯಿತು. ಶಾಲುಗಳನ್ನು ಯಾರೂ ಮುಟ್ಟಲಿಲ್ಲ.

ಅವತ್ತು ಠರಾವು ಪಾಸಾಯಿತು. ಮತ ಗಂಡಸರದಲ್ಲವೇ? ನಾನೂ ಕೈ ಎತ್ತಿದೆ, ಅದನ್ನೂ ಮುಚ್ಚಿಡುವುದಿಲ್ಲ. ಆದರೆ ಭವನದ ಯೋಜನೆಯನ್ನು ಮುರಿದದ್ದು ಯಾರ ದೇಶಭಕ್ತಿಯೂ ಅಲ್ಲ, ಯಾರ ಪಶ್ಚಾತ್ತಾಪವೂ ಅಲ್ಲ. ಬಾಟಲಿ ನಿಂತಿತು, ಅಷ್ಟೇ. ಜಾಗ ಮಾಡಿಸಿಕೊಡುತ್ತೇವೆಂದವರು ಫೋನು ಎತ್ತುವುದನ್ನು ಬಿಟ್ಟರು. ಸಭೆಯ ಆಮೇಲಿನ ‘ಪಾರ್ಟಿ’ ಇಲ್ಲವಾದ ಮೇಲೆ ಸಭೆಗೆ ಬರುವ ವೀರರೂ ಕಡಿಮೆಯಾದರು. ಗಡಿಯಲ್ಲಿ ಹಿಮ ಕಂಡವರು, ಗುಂಡಿನ ಸದ್ದು ಕೇಳಿದವರು, ಒಂದು ಪೆಗ್ಗು ಇಲ್ಲವೆಂದು ಸಂಘ ಬಿಟ್ಟರು. ಕ್ಯಾಪ್ಟನ್ ಸಾಹೇಬರು ಆರೋಗ್ಯದ ಕಾರಣ ಹೇಳಿ ಹಿಂದೆ ಸರಿದರು. ಮುಂದಿನ ಯುಗಾದಿಯ ಹೊತ್ತಿಗೆ ಕೋಣೆಯಲ್ಲಿ ಹೆಂಗಸರೇ ಹೆಚ್ಚಾಗಿದ್ದರು. ಕಾರ್ಡು ಯಾರ ಹೆಸರಿನಲ್ಲಿದೆಯೋ ಅವರಿಗೆ ಮತ ಎಂದು ನಿಯಮ ತಿದ್ದಿದರು. ಜೀಪು ಉಳಿಯಿತು. ನನ್ನನ್ನು ಯಾರೂ ತೆಗೆಯಲಿಲ್ಲ. ಒಂದು ದಿನ ಹೋಗಿ ನೋಡಿದರೆ ಕಾರ್ಯದರ್ಶಿಯ ಕುರ್ಚಿಯ ಮೇಲೆ ಶಾಹಿದಾ ಬೇಗಂ ಕೂತಿದ್ದರು, ನಾನು ತಿರುಗಿ ಮನೆಗೆ ಬಂದೆ.

ಜೀಪು ಈಗ ಕುಷ್ಟಗಿಯಿಂದ ಹೊರಡುತ್ತದೆ. ಗಂಗಾವತಿ ಕಡೆಯವರೇ ಬಸ್ಸಿಗೆ ಹೋಗಿ ಮುನಿರಾಬಾದಿನ ಹತ್ತಿರ ಕಾಯಬೇಕು. ಇದೆಲ್ಲ ನನಗೆ ಗೊತ್ತಿತ್ತು, ಆದರೆ ಬೇಕಾಗಿರಲಿಲ್ಲ. ಈ ವರ್ಷ ನನ್ನ ಎರಡೂ ಕಣ್ಣಿಗೆ ಪೊರೆ ಬಂದಿದೆ. ಮಿಲ್ಲಿನ ಓಣಿಯಿಂದ ಬಂದ ಮಾರನೆಯ ವಾರ ಶಾಹಿದಾ ಬೇಗಂ ಅವರಿಗೆ ಫೋನು ಮಾಡಿದೆ. ‘ಬರ್ರಿ ಭಾಯಿ,’ ಎಂದರು, ಅಷ್ಟೇ.

ಬೇವಿನ ಮರ ಅಲ್ಲೇ ಇದೆ. ನಾನು ಬೇಗ ಹೋಗಿ ನಿಂತೆ. ಲಾರಿಗಳು ಧೂಳೆಬ್ಬಿಸಿ ಹೋಗುತ್ತಿದ್ದವು. ಪೊರೆ ಬಂದ ಕಣ್ಣಿಗೆ ಎಲ್ಲ ಗಾಡಿಯೂ ಜೀಪಿನ ಹಾಗೇ ಕಾಣುತ್ತದೆ. ಒಂದೊಂದಕ್ಕೂ ಕೈ ಎತ್ತುತ್ತಿದ್ದೆ. ನಿಂತ ಜಾಗದಲ್ಲಿ ಕಾಲು ಸೋತು, ಕೂತರೆ ಗಾಡಿ ಕಾಣದೆ ಹೋದೀತೆಂದು ಹೆದರಿ, ಹೀಗೆ ಒಂದು ದಿನವಿಡೀ ನಿಲ್ಲುವುದೆಂದರೆ ಏನು ಎಂದು ತಿಳಿಯಿತು. ಇಷ್ಟು ತಡವಾಗಿ ತಿಳಿದದ್ದರಿಂದ ಯಾರಿಗೇನು ಉಪಯೋಗ?

ಜೀಪು ಬಂತು. ನೀಲಮ್ಮ ನಿಲ್ಲಿಸಿ ಕತ್ತು ಹೊರಗೆ ಹಾಕಿದಳು. ನನ್ನನ್ನು ನೋಡಿ ಅವಳ ಮುಖ ಕಲ್ಲಾಯಿತು. ಒಳಗೆ ಹೆಂಗಸರು ಒತ್ತಿಕೊಂಡು ಕೂತಿದ್ದರು.

‘ತುಂಬೈತ್ರಿ,’ ಎಂದಳು. ಸುಳ್ಳಲ್ಲ, ತುಂಬಿತ್ತು.

‘ಯಾರಬೇ ಅದು?’ ಎಂದು ಒಳಗಿನಿಂದ ಹನುಮವ್ವನ ದನಿ.

‘ಹವಾಲ್ದಾರ್ ಮಾಮಾ, ಅವ್ವ.’

ಎಂಜಿನ್ನು ಗುಡುಗುಡು ಅನ್ನುತ್ತಿತ್ತು. ನಾನು ಸರಿ ಎಂದು ಹಿಂದೆ ಸರಿಯುವಷ್ಟರಲ್ಲಿ ಒಳಗೆ ಮೈ ಸರಿಸಿದ ಸದ್ದಾಯಿತು. ಹನುಮವ್ವ ಪಕ್ಕದಲ್ಲಿದ್ದ ರೊಟ್ಟಿ ಗಂಟಿನ ಚೀಲವನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡು, ಕಾಣದ ಕಣ್ಣನ್ನು ರಸ್ತೆಯ ಕಡೆ ತಿರುಗಿಸಿ, ನಗದೆ ಹೇಳಿದಳು:

‘ಹಿಂದ ಯಾವ ಗಾಡೀನೂ ಬರಂಗಿಲ್ಲಪಾ. ಇದರಾಗ ಹತ್ತು.’